ಮಕ್ಕಳ ಕಾಲೇಜಿಗೆ ದುಡ್ಡು ಕೂಡಿಡುವುದು: ಸುಕನ್ಯಾನೋ, ಪಿಪಿಎಫೋ, ಎನ್‌ಎಸ್‌ಸಿನೋ?

ದಾವಣಗೆರೆಯಲ್ಲಿ ಕೂಸಿನ ನಾಮಕರಣಕ್ಕೆ ಬಂದವರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಕೂಸಿನ ಹೆಸರಲ್ಲಿ ಏನಾದ್ರೂ ದುಡ್ಡು ಹಾಕೀರೇನು?" ಅಲ್ಲಿಂದ ಸಲಹೆ ಶುರು. ಇನ್ಶೂರೆನ್ಸ್ ಏಜೆಂಟ್ ಆಗಿರುವ ಸೋದರಮಾವ ಒಂದು ಹೇಳುತ್ತಾರೆ, ಚೀಟಿ ನಡೆಸುವ ಪಕ್ಕದ ಮನೆಯವರು ಇನ್ನೊಂದು. ಎಲ್ಲರ ಬಾಯಲ್ಲೂ ಬಡ್ಡಿಯ ಲೆಕ್ಕವೇ. ಯಾವ ವರ್ಷ ಎಷ್ಟು ದುಡ್ಡು ಕೈಗೆ ಸಿಗುತ್ತದೆ ಅಂತ ಹೇಳುವವರು ಕಮ್ಮಿ.

ಓದಿನ ಖರ್ಚಿಗೆ ಮುಖ್ಯವಾದದ್ದು ಅದೇ. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಮಗುವಿಗೆ 16 ವರ್ಷ. ಪಿಯುಸಿ ಫೀಸು ಆಗಲೇ ಬೇಕು. 18ಕ್ಕೆ ಸಿಇಟಿ, ನೀಟ್, ಸೀಟು. 22ರ ಹೊತ್ತಿಗೆ ಎಂಜಿನಿಯರಿಂಗ್ ಮುಗಿಯುತ್ತದೆ, ವೈದ್ಯಕೀಯ ಆದರೆ ಇನ್ನೂ ಒಂದೂವರೆ ವರ್ಷ. ಅಂದರೆ ದುಡ್ಡು ಬೇಕಾಗುವುದು 16ರಿಂದ 23ರ ನಡುವೆ. ಮಗಳಿಗೆ 27 ವರ್ಷವಾದಾಗ ಕೈಗೆ ಬರುವ ಎಂಟು ಲಕ್ಷದಿಂದ ಕಾಲೇಜು ಫೀಸು ಕಟ್ಟಲಾಗುವುದಿಲ್ಲ. ಕೆಳಗಿನ ಒಂದೊಂದನ್ನೂ ಈ ಅಳತೆಯಲ್ಲೇ ನೋಡಿದ್ದೇನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆನಡಾದಲ್ಲಿ ಮಗುವಿನ ಓದಿಗೆಂದು ಆರ್‌ಇಎಸ್‌ಪಿ ಅನ್ನುವ ಖಾತೆ ಇದೆ. ನೀವು ಹಾಕಿದ ದುಡ್ಡಿನ ಮೇಲೆ ಅಲ್ಲಿನ ಸರ್ಕಾರ ಶೇ 20ರಷ್ಟು, ವರ್ಷಕ್ಕೆ 500 ಡಾಲರ್‌ವರೆಗೆ, ತಾನೂ ಸೇರಿಸುತ್ತದೆ. ನಮ್ಮಲ್ಲಿ ಹಾಗಿಲ್ಲ. ಕೆಳಗೆ ಹೇಳುವ ಭಾಗ್ಯಲಕ್ಷ್ಮಿ ಬಿಟ್ಟರೆ, ಇಲ್ಲಿ ಸರ್ಕಾರದ ನೆರವು ಮೂರು ದಾರಿಯಲ್ಲಿ ಬರುತ್ತದೆ: ಸ್ವಲ್ಪ ಜಾಸ್ತಿ ಬಡ್ಡಿ, ತೆರಿಗೆಯಲ್ಲಿ ವಿನಾಯಿತಿ, ಮತ್ತು ಓದುವ ಹೊತ್ತಿಗೆ ಸಿಗುವ ವಿದ್ಯಾರ್ಥಿವೇತನ ಹಾಗೂ ಶುಲ್ಕ ರಿಯಾಯಿತಿ. ಬಹಳಷ್ಟು ಮನೆಗಳಿಗೆ ಮೂರನೆಯದೇ ದೊಡ್ಡದು.

ಹೆಣ್ಣು ಮಗು ಇದ್ದರೆ: ಸುಕನ್ಯಾ ಸಮೃದ್ಧಿ

2015ರ ಜನವರಿಯಲ್ಲಿ ಶುರುವಾದ ಯೋಜನೆ. ಹತ್ತು ವರ್ಷದೊಳಗಿನ ಹೆಣ್ಣು ಮಗುವಿನ ಹೆಸರಲ್ಲಿ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. ಒಂದು ಮನೆಗೆ ಎರಡು ಖಾತೆ, ಅವಳಿ ಜವಳಿ ಆದರೆ ಮಾತ್ರ ರಿಯಾಯಿತಿ. ಬಡ್ಡಿ 2024ರ ಜನವರಿಯಲ್ಲಿ ಶೇ 8.2ಕ್ಕೆ ಏರಿತು. ಶುರುವಿನಲ್ಲಿ 9ರ ಮೇಲಿತ್ತು, 2020ರಲ್ಲಿ 7.6ಕ್ಕೆ ಇಳಿದಿತ್ತು. ಮೂರು ತಿಂಗಳಿಗೊಮ್ಮೆ ಸರ್ಕಾರ ದರ ಪ್ರಕಟಿಸುತ್ತದೆ, ಹಾಗಾಗಿ 21 ವರ್ಷವೂ ಇದೇ ದರ ಅಂತ ಲೆಕ್ಕ ಹಾಕಬೇಡಿ. ಆದರೂ ಸಣ್ಣ ಉಳಿತಾಯಗಳಲ್ಲಿ ಇದಕ್ಕೆ ಸಿಗುವಷ್ಟು ಬಡ್ಡಿ ಬೇರೆ ಕಡೆ ಸಿಗುವುದು ಕಷ್ಟ. ಬಡ್ಡಿಗೆ ತೆರಿಗೆಯೂ ಇಲ್ಲ.

ಇನ್ನು ಎಲ್ಲರೂ ಎಡವುವ ಜಾಗ. ಖಾತೆ ಪೂರ್ತಿಯಾಗುವುದು ಮಗಳಿಗೆ 21 ಆದಾಗ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಖಾತೆ ತೆರೆದ ದಿನದಿಂದ 21 ವರ್ಷ. ಹುಟ್ಟಿದ ವರ್ಷವೇ ತೆರೆದರೆ 21ಕ್ಕೆ ಸಿಗುತ್ತದೆ. ಐದನೇ ವಯಸ್ಸಿಗೆ ತೆರೆದರೆ 26ಕ್ಕೆ. ಒಂಬತ್ತಕ್ಕೆ ತೆರೆದರೆ 30ಕ್ಕೆ! ದುಡ್ಡು ಹಾಕಬೇಕಾದದ್ದು ಮೊದಲ 15 ವರ್ಷ ಮಾತ್ರ, ಆಮೇಲೆ ಅದು ತನ್ನಷ್ಟಕ್ಕೆ ಬೆಳೆಯುತ್ತದೆ.

ನಡುವೆ ತೆಗೆಯಬಹುದಾ? ಓದಿಗೆ ತೆಗೆಯಬಹುದು. ಮಗಳು ಹತ್ತನೇ ತರಗತಿ ಪಾಸಾದ ಮೇಲೆ ಅಥವಾ 18 ತುಂಬಿದ ಮೇಲೆ, ಯಾವುದು ಮೊದಲೋ ಅದು. ಹಿಂದಿನ ಹಣಕಾಸು ವರ್ಷದ ಕೊನೆಗೆ ಇದ್ದ ದುಡ್ಡಿನಲ್ಲಿ ಅರ್ಧದವರೆಗೆ ಸಿಗುತ್ತದೆ. ಒಂದೇ ಸಲ ತೆಗೆಯಬಹುದು, ಇಲ್ಲವೇ ವರ್ಷಕ್ಕೊಂದರಂತೆ ಐದು ವರ್ಷ ಕಂತಿನಲ್ಲಿ. ಕಾಲೇಜಿನ ಪ್ರವೇಶ ಪತ್ರ ಅಥವಾ ಫೀಸಿನ ಚೀಟಿ ಕೊಡಬೇಕು, ಅದರಲ್ಲಿ ಇರುವಷ್ಟೇ ಸಿಗುತ್ತದೆ. ನೀಟ್ ಕೋಚಿಂಗಿಗೆ, ಲ್ಯಾಪ್‌ಟಾಪಿಗೆ, ಬೆಂಗಳೂರಿನ ಪಿಜಿ ಬಾಡಿಗೆಗೆ ಇದನ್ನು ನಂಬಿ ಕೂರಬೇಡಿ.

ಒಂದು ಲೆಕ್ಕ ನೋಡೋಣ. ಮಗಳಿಗೆ ಐದು ವರ್ಷ. ತಿಂಗಳಿಗೆ ಸಾವಿರ ರೂಪಾಯಿ ಹಾಕುತ್ತಾ ಹೋದಿರಿ, ಬಡ್ಡಿ 8.2 ಹಾಗೇ ಇತ್ತು ಅಂತಿಟ್ಟುಕೊಳ್ಳಿ. ಅವಳಿಗೆ 18 ಆಗುವಾಗ ಖಾತೆಯಲ್ಲಿ ಸುಮಾರು 2.7 ಲಕ್ಷ ಇರುತ್ತದೆ. ಆಗ ಕಾಲೇಜಿಗೆ ತೆಗೆಯಲು ಸಿಗುವುದು 1.35 ಲಕ್ಷದ ಆಸುಪಾಸು. ಏಜೆಂಟರು ಹೇಳುವ "ಸಾವಿರ ಕಟ್ಟಿದ್ರೆ ಐದೂವರೆ ಲಕ್ಷ" ಸುಳ್ಳಲ್ಲ, ಆದರೆ ಅದು ಏನೂ ತೆಗೆಯದೆ 21 ವರ್ಷ ಬಿಟ್ಟಾಗ ಸಿಗುವ ಮೊತ್ತ.

ಹಾಗಾಗಿ ನನ್ನ ಅಭಿಪ್ರಾಯ: ಮಗು ಮೂರು ವರ್ಷದೊಳಗೆ ಇದ್ದರೆ ಸುಕನ್ಯಾ ಕಣ್ಣು ಮುಚ್ಚಿ ತೆರೆಯಿರಿ. ಏಳೆಂಟು ವರ್ಷದವಳಾಗಿದ್ದರೆ ತೆರೆಯಿರಿ, ಆದರೆ ಓದಿಗೆಂದು ಕೂಡಿಡುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೆ ಹಾಕಬೇಡಿ.

ಅಜ್ಜ ಅಜ್ಜಿಯರು ಮೊಮ್ಮಗಳ ಹೆಸರಲ್ಲಿ ತೆರೆದ ಖಾತೆಗಳ ಬಗ್ಗೆ ಒಂದು ಎಚ್ಚರ. ಅವರು ಕಾನೂನು ಪ್ರಕಾರ ಪೋಷಕರಲ್ಲದಿದ್ದರೆ ಖಾತೆಯನ್ನು ತಂದೆ ತಾಯಿ ಹೆಸರಿಗೆ ಬದಲಾಯಿಸಬೇಕು ಅಂತ 2024ರಲ್ಲಿ ಸರ್ಕಾರ ಹೇಳಿದೆ. ಜಗಳೂರು, ಚಳ್ಳಕೆರೆ ಕಡೆ ತಾತನೇ ಪಾಸ್‌ಬುಕ್ ಇಟ್ಟುಕೊಂಡಿರುವ ಮನೆಗಳಿದ್ದಾವೆ. ಒಮ್ಮೆ ನೋಡಿಕೊಳ್ಳಿ.

ಸರ್ಕಾರವೇ ದುಡ್ಡು ಹಾಕುವುದು: ಭಾಗ್ಯಲಕ್ಷ್ಮಿ

ನಿಮ್ಮ ಕೈಯಿಂದ ಒಂದು ರೂಪಾಯಿ ಇಲ್ಲದೆ ಸರ್ಕಾರವೇ ದುಡ್ಡು ಹಾಕುವ ಯೋಜನೆ ಇದೊಂದೇ. ಬಿಪಿಎಲ್ ಕುಟುಂಬದ ಎರಡು ಹೆಣ್ಣು ಮಕ್ಕಳಿಗೆ ಮಾತ್ರ. ಮಗು ಹುಟ್ಟಿ ಒಂದು ವರ್ಷದೊಳಗೆ ಅಂಗನವಾಡಿಯ ಮೂಲಕ ಅರ್ಜಿ ಹಾಕಬೇಕು. 2006ರಲ್ಲಿ ಶುರುವಾದಾಗ ಬಾಂಡ್ ಕೊಡುತ್ತಿದ್ದರು. ಮುಂದೆ ಮೊದಲ ಮಗುವಿಗೆ 19,300, ಎರಡನೆಯದಕ್ಕೆ 18,350 ಠೇವಣಿ ಇಟ್ಟು, 18 ವರ್ಷಕ್ಕೆ ಸುಮಾರು ಒಂದು ಲಕ್ಷ ಕೊಡುವ ಲೆಕ್ಕ ಬಂತು. ಮೊದಲ ಒಂದೆರಡು ವರ್ಷದ ಬಾಂಡುಗಳಿಗೆ ಇದಕ್ಕಿಂತ ಕಮ್ಮಿ. 2020-21ರಿಂದ ಯೋಜನೆ ಸುಕನ್ಯಾ ಸಮೃದ್ಧಿ ಖಾತೆಗೆ ಬದಲಾಯಿತು: ವರ್ಷಕ್ಕೆ 3,000 ರೂಪಾಯಿಯಂತೆ 15 ವರ್ಷ ಸರ್ಕಾರವೇ ಕಟ್ಟುತ್ತದೆ, 21 ವರ್ಷಕ್ಕೆ ಸುಮಾರು 1.27 ಲಕ್ಷ.

ಒಂದು ಮಗುವಿಗೆ ಒಂದೇ ಸುಕನ್ಯಾ ಖಾತೆ ಅನ್ನುವ ನಿಯಮ ಇಲ್ಲಿ ನೆನಪಿರಲಿ. ಭಾಗ್ಯಲಕ್ಷ್ಮಿಯಲ್ಲಿ ಆಗಲೇ ಖಾತೆ ಆಗಿದ್ದರೆ, ಇನ್ನೊಂದು ತೆರೆಯುವ ಮೊದಲು ಅಂಚೆ ಕಚೇರಿಯಲ್ಲಿ ಕೇಳಿ. ಹಳೆಯ ಬಾಂಡ್ ಇರುವವರು ಅದನ್ನು ಪೆಟ್ಟಿಗೆಯಲ್ಲೇ ಮರೆಯಬೇಡಿ. ಮಗಳಿಗೆ 18 ತುಂಬಿದ್ದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಬೇಕು. 18ರ ಮೊದಲು ಮದುವೆ ಮಾಡಿದರೆ ಈ ದುಡ್ಡು ಇಲ್ಲ. ಅದು ಒಳ್ಳೆಯದೇ ಅಲ್ವಾ.

ಗಂಡು ಮಗು ಇದ್ದರೆ: ಪಿಪಿಎಫ್

ಪಿಪಿಎಫ್ ಅಂದರೆ ಸಾರ್ವಜನಿಕ ಭವಿಷ್ಯ ನಿಧಿ, ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ತೆರೆಯುವ 15 ವರ್ಷದ ಉಳಿತಾಯ ಖಾತೆ. ಬಡ್ಡಿ ಶೇ 7.1, 2020ರ ಏಪ್ರಿಲ್‌ನಿಂದ ಹಾಗೇ ನಿಂತಿದೆ. ವರ್ಷಕ್ಕೆ 500ರಿಂದ ಒಂದೂವರೆ ಲಕ್ಷದವರೆಗೆ. ಮಗುವಿನ ಹೆಸರಲ್ಲಿ ಬೇರೆ ಖಾತೆ ತೆರೆದರೂ ಅಪ್ಪನದು, ಮಗುವಿನದು ಸೇರಿ ಒಂದೂವರೆ ಲಕ್ಷವೇ ಮಿತಿ. ತಿಂಗಳಿಗೆ ಸಾವಿರದಂತೆ ಹಾಕಿದರೆ 15 ವರ್ಷಕ್ಕೆ ಸುಮಾರು 3.15 ಲಕ್ಷ.

ಬಡ್ಡಿ ಸುಕನ್ಯಾಗಿಂತ ಕಮ್ಮಿ, ಆದರೆ ದುಡ್ಡು ಹೊರಗೆ ಬರುವ ದಾರಿ ಜಾಸ್ತಿ. ಏಳನೇ ಹಣಕಾಸು ವರ್ಷದಿಂದ ಸ್ವಲ್ಪ ಸ್ವಲ್ಪ ತೆಗೆಯಬಹುದು, ಯಾಕೆ ಅಂತ ಕಾರಣ ಕೇಳುವುದಿಲ್ಲ. ಮಕ್ಕಳ ಉನ್ನತ ಓದಿಗೆ ಅಂತ ದಾಖಲೆ ಕೊಟ್ಟರೆ ಐದು ವರ್ಷ ಕಳೆದ ಮೇಲೆ ಖಾತೆಯನ್ನೇ ಮುಚ್ಚಬಹುದು, ಬಡ್ಡಿಯಲ್ಲಿ ಶೇ 1 ಕಡಿತ ಆಗುತ್ತದೆ ಅಷ್ಟೇ. 15 ವರ್ಷ ಮುಗಿದ ಮೇಲೆ ದುಡ್ಡು ಆಗಲೇ ಬೇಡವಾದರೆ ಐದೈದು ವರ್ಷ ಮುಂದುವರಿಸಬಹುದು.

ಪಿಪಿಎಫ್‌ನಲ್ಲಿ ಮುಖ್ಯವಾದದ್ದು ಖಾತೆ ತೆರೆದ ವರ್ಷ. ಕೈಯಲ್ಲಿ ದುಡ್ಡಿಲ್ಲದಿದ್ದರೂ ಮಗುವಿಗೆ ಒಂದೆರಡು ವರ್ಷ ಇರುವಾಗ 500 ರೂಪಾಯಿ ಹಾಕಿ ಖಾತೆ ತೆರೆದಿಡಿ. ಸಂಪಾದನೆ ಚೆನ್ನಾಗಾದ ಮೇಲೆ ಜಾಸ್ತಿ ಹಾಕಿದರೂ ಅವಧಿ ಮಾತ್ರ ಆಗಿನಿಂದಲೇ ಓಡುತ್ತಿರುತ್ತದೆ. ಸಿಇಟಿ ಹೊತ್ತಿಗೆ ಸರಿಯಾಗಿ ಕೈಗೆ ಸಿಗುತ್ತದೆ.

ಮೇಷ್ಟ್ರುಗಳಿಗೆ, ಕಚೇರಿ ನೌಕರರಿಗೆ ಒಂದು ಸಣ್ಣ ಮಾತು: ಇಂಥ ಉಳಿತಾಯಕ್ಕೆ 80ಸಿ ಅಂತ ಕರೆಯುತ್ತಾ ಬಂದ ತೆರಿಗೆ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಗೆ ಹೋಗಿದ್ದರೆ "ತೆರಿಗೆ ಉಳಿಯುತ್ತೆ" ಅನ್ನುವ ಮಾತಿಗೆ ಮರುಳಾಗಬೇಡಿ. ತೋಟದ ಆದಾಯವೊಂದನ್ನೇ ನಂಬಿದ ರೈತರಿಗೆ ಆ ಮಾತು ಮೊದಲಿಂದಲೂ ಸಂಬಂಧವಿಲ್ಲದ್ದು.

ಅಡಿಕೆ ದುಡ್ಡು, ಮೆಕ್ಕೆಜೋಳದ ದುಡ್ಡು

ಪುಸ್ತಕದ ಸಲಹೆಗಳೆಲ್ಲ ತಿಂಗಳ ಸಂಬಳದವರಿಗೆ ಬರೆದದ್ದು. ಚನ್ನಗಿರಿಯ ಅಡಿಕೆ ಬೆಳೆಗಾರನಿಗೆ, ಮೆಕ್ಕೆಜೋಳ ತಂದು ದಾವಣಗೆರೆ ಎಪಿಎಂಸಿಯಲ್ಲಿ ಮಾರುವವನಿಗೆ, ಚಳ್ಳಕೆರೆಯ ಶೇಂಗಾ ರೈತನಿಗೆ ದುಡ್ಡು ಬರುವುದು ವರ್ಷಕ್ಕೆ ಒಂದೆರಡು ಸಲ. ಅಂಥವರಿಗೆ ಪ್ರತಿ ತಿಂಗಳು ಕಂತು ತುಂಬುವ ಆರ್‌ಡಿ ಕಟ್ಟಿ ಅನ್ನುವುದು ಅರ್ಥವಿಲ್ಲದ ಮಾತು.

ಅವರಿಗೆ ನಾನು ಹೇಳುವುದು ರಾಷ್ಟ್ರೀಯ ಉಳಿತಾಯ ಪತ್ರ, ಅಂದರೆ ಎನ್‌ಎಸ್‌ಸಿ. ಐದು ವರ್ಷದ ಅವಧಿ, ಶೇ 7.7 ಬಡ್ಡಿ, ಕೊಂಡ ದಿನದ ದರವೇ ಕೊನೆಯವರೆಗೆ. ಗರಿಷ್ಠ ಮಿತಿ ಇಲ್ಲ. ಒಂದು ಲಕ್ಷ ಇಟ್ಟರೆ ಸುಮಾರು 1.45 ಲಕ್ಷ ಆಗುತ್ತದೆ. ಇದನ್ನು ಹೀಗೆ ಬಳಸಿ: ಮಗುವಿಗೆ 13 ಆದಾಗ ಒಂದು ಪತ್ರ ಕೊಳ್ಳಿ, 14ಕ್ಕೆ ಒಂದು, 15ಕ್ಕೆ, 16ಕ್ಕೆ ಒಂದೊಂದು. ಅವು 18, 19, 20, 21ಕ್ಕೆ ಸಾಲಾಗಿ ಕೈಗೆ ಬರುತ್ತವೆ. ಎಂಜಿನಿಯರಿಂಗಿನ ನಾಲ್ಕು ವರ್ಷಕ್ಕೆ ನಾಲ್ಕು ಪತ್ರ. ಒಂದು ವರ್ಷ ಮಳೆ ಕೈಕೊಟ್ಟು ಕೊಳ್ಳಲಾಗಲಿಲ್ಲ ಅಂದರೂ ಉಳಿದವು ಕೆಡುವುದಿಲ್ಲ. ಮಗುವಿಗೆ ಆಗಲೇ ಹತ್ತು ದಾಟಿದ್ದರೆ, ಸುಕನ್ಯಾ ಬಾಗಿಲು ಮುಚ್ಚಿದ್ದರೆ, ಎಲ್ಲರಿಗೂ ಇದೇ ಒಳ್ಳೆಯ ದಾರಿ.

ಮಂಡಕ್ಕಿ ಭಟ್ಟಿಯಲ್ಲೋ, ಹಮಾಲಿ ಕೆಲಸದಲ್ಲೋ, ಹೋಟೆಲಿನಲ್ಲೋ ದಿನಗೂಲಿ ಮಾಡುವವರದು ಮತ್ತೂ ಬೇರೆ. ಒಂದು ತಿಂಗಳು ಇದ್ದರೆ ಇನ್ನೊಂದು ತಿಂಗಳು ಇಲ್ಲ. ಅಂಚೆ ಆರ್‌ಡಿ ಬಡ್ಡಿ ಶೇ 6.7, ತಿಂಗಳಿಗೆ 100 ರೂಪಾಯಿಯಿಂದ ಕಟ್ಟಬಹುದು. ಸಾವಿರದಂತೆ ಕಟ್ಟಿದರೆ ಐದು ವರ್ಷಕ್ಕೆ 71 ಸಾವಿರ ಚಿಲ್ಲರೆ. ಆದರೆ ಕಂತು ತಪ್ಪಿದರೆ ದಂಡ, ನಾಲ್ಕಕ್ಕಿಂತ ಜಾಸ್ತಿ ತಪ್ಪಿದರೆ ಖಾತೆ ನಿಲ್ಲುತ್ತದೆ. ಸುಕನ್ಯಾದಲ್ಲಿ ಆ ಕಾಟ ಇಲ್ಲ. ವರ್ಷದಲ್ಲಿ 250 ತುಂಬಿದರೆ ಸಾಕು, ಆಮೇಲೆ ಕೈಲಾದಾಗ ಐವತ್ತರ ಲೆಕ್ಕದಲ್ಲಿ ಎಷ್ಟಾದರೂ ಹಾಕಬಹುದು. ಬಡ್ಡಿಯೂ ಜಾಸ್ತಿ. ಕೂಲಿಯವರಿಗೆ ಆರ್‌ಡಿ, ಸಂಬಳದವರಿಗೆ ಸುಕನ್ಯಾ ಅಂತ ಯಾಕೋ ಜನ ಉಲ್ಟಾ ತಿಳಿದಿದ್ದಾರೆ.

ಉಳಿದವು ಬೇಗ ಮುಗಿಸೋಣ. ಮ್ಯೂಚುವಲ್ ಫಂಡ್ ಎಸ್‌ಐಪಿ: ತಿಂಗಳಿಗಿಷ್ಟು ಅಂತ ಷೇರು ಪೇಟೆಯ ಫಂಡಿಗೆ ಹಾಕುವುದು. ಹತ್ತು ವರ್ಷಕ್ಕಿಂತ ಜಾಸ್ತಿ ಸಮಯ ಇದ್ದು, ನಡುವೆ ಬೆಲೆ ಬಿದ್ದರೂ ಎದೆ ಒಡೆದುಕೊಳ್ಳದವರು ಒಂದು ಪಾಲು ಹಾಕಲಿ. ಮಗು ಹೈಸ್ಕೂಲಿಗೆ ಬಂದ ಮೇಲೆ ನಿಧಾನವಾಗಿ ಹೊರಗೆ ತೆಗೆದು ಎನ್‌ಎಸ್‌ಸಿಯಲ್ಲೋ ಎಫ್‌ಡಿಯಲ್ಲೋ ಇಡಿ. ಎನ್‌ಪಿಎಸ್ ವಾತ್ಸಲ್ಯ 2024ರ ಸೆಪ್ಟೆಂಬರಿನಲ್ಲಿ ಬಂತು. ಹೆಸರು ಚೆಂದ, ಆದರೆ ಅದು ಪಿಂಚಣಿಯ ಖಾತೆ. ಓದಿಗೆ ಮೂರು ವರ್ಷದ ಮೇಲೆ ನೀವು ಹಾಕಿದ್ದರಲ್ಲಿ ಕಾಲು ಭಾಗ ತೆಗೆಯಬಹುದು. ಫೀಸಿಗೆ ಅದನ್ನು ನಂಬಲಾಗದು. ಮಕ್ಕಳ ಪಾಲಿಸಿಗಳು: ಉಳಿತಾಯ, ವಿಮೆ ಎರಡನ್ನೂ ಒಂದೇ ಕಂತಿನಲ್ಲಿ ಸೇರಿಸಿದರೆ ಎರಡೂ ಸಣ್ಣದಾಗುತ್ತವೆ. ದುಡಿಯುವ ಅಪ್ಪನ ಅಥವಾ ಅಮ್ಮನ ಹೆಸರಲ್ಲಿ ಟರ್ಮ್ ಇನ್ಶೂರೆನ್ಸ್ (ಉಳಿತಾಯ ಸೇರದ ಬರೀ ಜೀವ ವಿಮೆ) ಮಾಡಿಸಿ, ಉಳಿತಾಯ ಬೇರೆ ಮಾಡಿ. ಸೋದರಮಾವನಿಗೆ ಬೇಜಾರಾಗಬಹುದು.

ಸರ್ಕಾರದ ದುಡ್ಡು ನಿಜವಾಗಿ ಸಿಗುವ ಹೊತ್ತು

ಎಂಟನೇ ತರಗತಿಯಿಂದಲೇ ಶುರು ಮಾಡಿ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಎನ್‌ಎಂಎಂಎಸ್ ಅನ್ನುವ ಪರೀಕ್ಷೆ ಇದೆ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷದೊಳಗೆ ಇರಬೇಕು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000, ನಾಲ್ಕು ವರ್ಷಕ್ಕೆ 48,000. ತಿಂಗಳಿಗೆ ಸಾವಿರ ಉಳಿಸಲಾಗದ ಮನೆಗೆ ಸರ್ಕಾರವೇ ತಿಂಗಳಿಗೆ ಸಾವಿರ ಕೊಟ್ಟ ಹಾಗೆ. ಅದನ್ನು ಖರ್ಚು ಮಾಡದೆ ಹಾಗೇ ಇಟ್ಟರೆ ಕಾಲೇಜಿನ ಮೊದಲ ವರ್ಷದ ಭಾರ ಎಷ್ಟೋ ಇಳಿಯುತ್ತದೆ.

ಪಿಯುಸಿ ಸೇರಿದ ಮೇಲೆ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಎಲ್ಲರಿಗೂ ಅರ್ಜಿ ಇಲ್ಲೇ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳು ಊಟ ವಸತಿಗೆ ದುಡ್ಡು. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಪಿಯುಸಿಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000. ಎಂಜಿನಿಯರಿಂಗ್, ವೈದ್ಯಕೀಯಕ್ಕೆ 10,000 ಮತ್ತು 11,000 ಅಂತ ಗೊತ್ತುಮಾಡಿದ್ದರು. ಇದಕ್ಕೆ ಅಪ್ಪ ಅಮ್ಮನ ಹೆಸರಲ್ಲಿ ಫ್ರೂಟ್ಸ್ (ರೈತರ ವಿವರ ದಾಖಲಿಸುವ ರಾಜ್ಯದ ಪೋರ್ಟಲ್) ನೋಂದಣಿ ಇರಬೇಕು. ಆಯಾ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ. ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದು, ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಕೇಂದ್ರದ ವಿದ್ಯಾರ್ಥಿವೇತನವೂ ಇದೆ, ಪದವಿಯ ಮೂರು ವರ್ಷ ವರ್ಷಕ್ಕೆ 12,000.

ಈ ದುಡ್ಡು ತಪ್ಪುವುದು ಸಾಮಾನ್ಯವಾಗಿ ಅಂಕದಿಂದಲ್ಲ, ಕಾಗದದಿಂದ. ವಿದ್ಯಾರ್ಥಿಯ ಸ್ವಂತ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಆಧಾರಿನಲ್ಲಿ ಹೆಸರು ಒಂದೇ ಥರ ಇರಬೇಕು. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಬೇಸಿಗೆಯಲ್ಲೇ ಮಾಡಿಸಿಟ್ಟುಕೊಳ್ಳಿ. ಫಲಿತಾಂಶ ಬಂದ ಮೇಲೆ ಹೋದರೆ ಅಲ್ಲಿ ಇಡೀ ತಾಲ್ಲೂಕೇ ನಿಂತಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಸೀಟಿನ ಬಗೆಯಲ್ಲಿದೆ. ದಾವಣಗೆರೆಯ ಬಿಐಇಟಿ ಆಗಲಿ, ಚಿತ್ರದುರ್ಗದ ಎಸ್‌ಜೆಎಂಐಟಿ ಆಗಲಿ, ಅದೇ ಕಾಲೇಜು, ಅದೇ ಬೆಂಚು. ಸಿಇಟಿ ಸೀಟಿಗೆ ಒಂದು ಫೀಸು, ಕಾಮೆಡ್‌ಕೆಗೆ ಇನ್ನೊಂದು, ಮ್ಯಾನೇಜ್‌ಮೆಂಟ್ ಸೀಟಿಗೆ ಮತ್ತೊಂದು. ಸಿಇಟಿಯಲ್ಲೇ ಎಸ್‌ಎನ್‌ಕ್ಯೂ ಅಂತ ಶೇ 5 ಹೆಚ್ಚುವರಿ ಸೀಟುಗಳಿವೆ. ಆದಾಯ ಎಂಟು ಲಕ್ಷದೊಳಗಿದ್ದರೆ ಅಲ್ಲಿ ಬೋಧನಾ ಶುಲ್ಕವೇ ಇಲ್ಲ. ಅರ್ಜಿ ತುಂಬುವಾಗ ಆ ಕಾಲಂ ಬಿಟ್ಟುಬಿಡುವವರು ಎಷ್ಟೋ ಜನ. ಸರ್ಕಾರಿ ಕಾಲೇಜು ಅಂದ ಕೂಡಲೇ ಫೀಸು ಕಮ್ಮಿ ಅಂತಲೂ ತಿಳಿಯಬೇಡಿ. ನಮ್ಮ ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅರ್ಧ ಸೀಟುಗಳನ್ನು ಪೇಮೆಂಟ್ ಸೀಟು ಮಾಡಿದ್ದಕ್ಕೆ 2024ರಲ್ಲಿ ವಿದ್ಯಾರ್ಥಿಗಳು ಬೀದಿಗೆ ಇಳಿದು ಹೋರಾಡಿದ್ದು ಊರಿಗೆಲ್ಲ ಗೊತ್ತಿರುವ ವಿಷಯ. ವೈದ್ಯಕೀಯಕ್ಕೆ ಚಿತ್ರದುರ್ಗದಲ್ಲಿ 2023ರಲ್ಲಿ ಸರ್ಕಾರಿ ಕಾಲೇಜು ಶುರುವಾಗಿದೆ. ಅಲ್ಲಿನ ಒಂದು ಸೀಟು ನಿಮ್ಮ 15 ವರ್ಷದ ಪಿಪಿಎಫ್‌ಗಿಂತ ಜಾಸ್ತಿ ಬೆಲೆಯದ್ದು.

ಇನ್ನೂ ಸಾಲದಿದ್ದರೆ

ಸಾಲ. ಬೈದುಕೊಳ್ಳಬೇಡಿ. ಮನೆ ಪತ್ರ ಅಡವಿಟ್ಟು, ಬಂಗಾರ ಮಾರಿ ಫೀಸು ಕಟ್ಟುವ ಮೊದಲು ಇದನ್ನು ನೋಡಿ. ಅಲ್ಪಸಂಖ್ಯಾತರ ನಿಗಮ, ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮದಲ್ಲಿ 'ಅರಿವು' ಸಾಲ ಇದೆ, ಬಡ್ಡಿ ಶೇ 2 ಮಾತ್ರ. ಬ್ಯಾಂಕಿನ ಶಿಕ್ಷಣ ಸಾಲ ನಾಲ್ಕು ಲಕ್ಷದವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, ಪಟ್ಟಿಯಲ್ಲಿರುವ ಒಳ್ಳೆಯ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ, ಎಂಟು ಲಕ್ಷದೊಳಗಿನ ಆದಾಯದವರಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ವೃತ್ತಿಪರ ಕೋರ್ಸುಗಳಿಗೆ ನಾಲ್ಕೂವರೆ ಲಕ್ಷದೊಳಗಿನ ಆದಾಯದವರಿಗೆ ಓದುವ ಅವಧಿಯ ಬಡ್ಡಿಯನ್ನು ಸರ್ಕಾರವೇ ಕಟ್ಟುವ ಯೋಜನೆಯೂ ಇದೆ.

ಸುಕನ್ಯಾದ ಉಳಿದ ಅರ್ಧ ಉಪಯೋಗಕ್ಕೆ ಬರುವುದು ಇಲ್ಲೇ. ಬ್ಯಾಂಕಿನ ಸಾಲ ತೀರಿಸಲು ಶುರು ಮಾಡಬೇಕಾದದ್ದು ಓದು ಮುಗಿದು ಒಂದು ವರ್ಷದ ಮೇಲೆ. ಮೇಲೆ ಹೇಳಿದ, ಐದಕ್ಕೆ ಖಾತೆ ತೆರೆದ ಹುಡುಗಿಯನ್ನೇ ತೆಗೆದುಕೊಳ್ಳಿ. 18ಕ್ಕೆ 1.35 ಲಕ್ಷ ತೆಗೆದು ಫೀಸಿಗೆ ಕಟ್ಟಿದಳು, ಮಿಕ್ಕಿದ್ದಕ್ಕೆ ಸಾಲ ಮಾಡಿದಳು. 22ಕ್ಕೆ ಓದು ಮುಗಿಯಿತು, 23ರಿಂದ ಸಂಬಳದಲ್ಲಿ ಕಂತು ಕಟ್ಟುತ್ತಾ ಬಂದಳು. 26ಕ್ಕೆ ಸುಕನ್ಯಾ ಪೂರ್ತಿಯಾಗಿ, ಅದೇ ಬಡ್ಡಿ ಉಳಿದಿದ್ದರೆ, ಸುಮಾರು ಮೂರು ಲಕ್ಷ ಬರುತ್ತದೆ. ಬಾಕಿ ಸಾಲ ಒಂದೇ ಸಲಕ್ಕೆ ತೀರಿಸಬಹುದು. ಖಾತೆ ಆಗ ಅವಳದೇ, 18 ಆದ ಮೇಲೆ ಸಹಿ ಮಾಡುವುದೂ ಅವಳೇ. ಆ ದುಡ್ಡನ್ನು ಮದುವೆ ಖರ್ಚಿಗೆ ಅಂತ ಮನೆಯವರು ಎತ್ತಿಡುವ ಮೊದಲು ಈ ಲೆಕ್ಕವನ್ನು ಅವಳ ಮುಂದೆ ಇಡಿ.